ಹಾಸಿಗೆಯಿಂದಲೇ ಬರದ ನಾಡನ್ನು ಕಂಡ ನೈಟಿಂಗೇಲ್

ಮೇ 12 ದಾದಿಯರ ದಿನ. ಗದಗ-ಬೆಟಗೇರಿಯ ಆಸ್ಪತ್ರೆಗಳಿಗೂ ಅದು ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನೆನೆಯುವ ದಿನ. ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ನಡೆದ ಆಕೆಯ ಚಿತ್ರವನ್ನು ಕಾಣದವರಿಲ್ಲ. ಆ ದೀಪದ ಕಾಲ ಎರಡು ವರ್ಷವೂ ಇರಲಿಲ್ಲ. ಅನಂತರ ಸುಮಾರು ಮೂರು ದಶಕ ಆಕೆಯೇ ರೋಗಿಯಾಗಿದ್ದರು. ದೀರ್ಘಕಾಲದ ಆಯಾಸ, ಮೈನೋವಿನ ಕಾಯಿಲೆಗಳ ಬಗ್ಗೆ ಅರಿವು ಮೂಡಿಸಲು ಆಕೆಯ ಜನ್ಮದಿನವನ್ನೇ ಆರಿಸಿಕೊಂಡಿರುವುದು ಇದೇ ಕಾರಣಕ್ಕೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದ ನೈಟಿಂಗೇಲ್ 1854ರ ನವೆಂಬರಿನಲ್ಲಿ ಯುದ್ಧಭೂಮಿಯ ಆಸ್ಪತ್ರೆ ಸೇರಿದರು. ಮರುವರ್ಷ ಮೇ ತಿಂಗಳಲ್ಲಿ ಕ್ರಿಮಿಯಾದ ಬಾಲಕ್ಲಾವಾದಲ್ಲಿ ವಿಷಮ ಜ್ವರ ಅಡರಿತು. ಪ್ರಾಣ ಉಳಿಯಿತು, ಆರೋಗ್ಯ ಮರಳಲಿಲ್ಲ. 1857ರಲ್ಲಿ ಕುಸಿದುಬಿದ್ದರು. ನಿದ್ರೆಯಿಲ್ಲ, ಅನ್ನ ಕಂಡರೆ ಓಕರಿಕೆ, ಎದೆಬಡಿತ, ಎದ್ದು ನಿಲ್ಲಲಾಗದ ನಿಶ್ಶಕ್ತಿ. 1861ರ ಕೊನೆಗೆ ಬೆನ್ನುಹುರಿಯ ನೋವು ಎಷ್ಟು ಉಲ್ಬಣಿಸಿತೆಂದರೆ, ಮುಂದೆ ಕೆಲವು ವರ್ಷ ಆಕೆಯನ್ನು ಎತ್ತಿಕೊಂಡೇ ಒಯ್ಯಬೇಕಾಯಿತು.

ಹೃದಯದ ದೋಷವೆಂದವರುಂಟು, ನರದೌರ್ಬಲ್ಯವೆಂದವರುಂಟು. ನೋವಿಗೆ ಒಂದೇ ಹೆಸರು ದೊರೆಯದಿದ್ದಾಗ ರೋಗಿಯನ್ನೇ ಶಂಕಿಸುವುದು ಹಳೆಯ ಚಾಳಿ. ಇಪ್ಪತ್ತನೆಯ ಶತಮಾನದ ಕೆಲವು ಲೇಖಕರು ಇದನ್ನು ಮನೋರೋಗವೆಂದರು, ಸೋಗು ಎಂದೂ ಬರೆದರು. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನವೊಂದು ಇದು ದೀರ್ಘಕಾಲದ ಬ್ರೂಸೆಲ್ಲಾ ಸೋಂಕಾಗಿದ್ದಿರಬೇಕು ಎಂದು ವಾದಿಸಿತು. ಕಾಯಿಸದ ಹಾಲಿನಿಂದಲೂ ಹರಡುವ ಈ ಸೋಂಕು ಕುರಿ-ಮೇಕೆ ಸಾಕುವ ಸೀಮೆಗಳಿಗೆ ಇಂದಿಗೂ ಅಪರಿಚಿತವಲ್ಲ. ಅದರ ರೋಗಾಣುವನ್ನು ಡೇವಿಡ್ ಬ್ರೂಸ್ ಪತ್ತೆಮಾಡಿದ್ದು 1887ರಲ್ಲಿ. ಅಷ್ಟರಲ್ಲಿ ನೈಟಿಂಗೇಲ್ ಮೂವತ್ತು ವರ್ಷ ನರಳಿದ್ದರು.

ಇದ್ದಷ್ಟು ತ್ರಾಣವನ್ನು ಅವರು ಜಿಪುಣರಂತೆ ಖರ್ಚು ಮಾಡಿದರು. ಒಮ್ಮೆಗೆ ಒಬ್ಬರಿಗೆ ಮಾತ್ರ ಭೇಟಿ, ಅದೂ ಮೊದಲೇ ಗೊತ್ತುಪಡಿಸಿದ ವೇಳೆಗೆ. ಬಂಧುಗಳಿಗೂ ಬಾಗಿಲು ಮುಚ್ಚಿದ್ದುಂಟು. ಕಠೋರವೆನಿಸಿದರೂ, ಹಾಗೆ ಉಳಿಸಿದ ಶಕ್ತಿಯ ಬಹುಪಾಲು ಭಾರತಕ್ಕೆ ಸಂದಿತು. ಇಲ್ಲಿನ ಸೈನ್ಯದ ಆರೋಗ್ಯ ಕುರಿತ ರಾಜ ಆಯೋಗಕ್ಕೆ ಠಾಣ್ಯಠಾಣ್ಯದಿಂದ ಬಂದ ಉತ್ತರಗಳನ್ನು ಮಲಗಿದಲ್ಲೇ ಪರಿಶೀಲಿಸಿದರು. ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆಂದು 1863ರ ವರದಿ ತೋರಿಸಿತು.

ಬಳಿಕ ಅವರ ಗಮನ ರೈತನತ್ತ ಹೊರಳಿತು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876-78ರಲ್ಲಿ, ಬಂದ ಬರ ಮದ್ರಾಸ್, ಮುಂಬಯಿ ಪ್ರಾಂತಗಳನ್ನು ಸುಟ್ಟಿತು. ಗದಗ, ಮುಂಡರಗಿ ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ನೆರೆಯ ಶಿರಹಟ್ಟಿ ಸಾಂಗಲಿಗೆ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ ಸೇರಿದ್ದವು. ಮಳೆ ತಪ್ಪಿದ್ದಷ್ಟೇ ಕಾರಣವಲ್ಲ, ನೀರಾವರಿಯ ಕೊರತೆ, ಸಾಹುಕಾರರ ಸಾಲದ ಹೊರೆ ಜನರನ್ನು ಕೊಲ್ಲುತ್ತಿವೆ ಎಂದು 1878ರಲ್ಲಿ ನೈಟಿಂಗೇಲ್ ಲೇಖನ ಬರೆದು ಲಂಡನ್ನಿನ ಆಡಳಿತಗಾರರನ್ನು ಇರಿಸುಮುರಿಸಿಗೆ ಸಿಲುಕಿಸಿದರು.

ವಯಸ್ಸಾದಂತೆ ನೋವು ತಗ್ಗಿತು, ಆದರೆ ದೃಷ್ಟಿ ಹೋಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ತೀರಿಕೊಂಡಾಗ ಅವರಿಗೆ 90 ವರ್ಷ. ಭಾರತದ ನೆಲವನ್ನು ಅವರು ಒಮ್ಮೆಯೂ ಮೆಟ್ಟಿರಲಿಲ್ಲ.