ಗಣಿತಜ್ಞ ಜಾನ್ ಕೆಮೆನಿ

ಎಗ್ಮೋರ್ ನಿಲ್ದಾಣದಲ್ಲಿ ಬೆಳಗಿನ ರೈಲುಗಾಡಿಯನ್ನು ಹತ್ತಿ, ವಿಳುಪ್ಪುರವನ್ನೂ ದಾಟಿ ಹೋಗಿ, ಅಲ್ಲಿರುವ ಯಂತ್ರವೊಂದಕ್ಕೆ ನಮ್ಮ ಲೆಕ್ಕವನ್ನು ಒಪ್ಪಿಸಿ, ಉತ್ತರಕ್ಕಾಗಿ ಕಾದು ಕುಳಿತು, ರಾತ್ರಿಯ ಹೊತ್ತಿಗೆ ಮನೆಗೆ ಮರಳಬೇಕೆಂದು ಊಹಿಸೋಣ. ಬರೆದುಕೊಂಡು ಹೋದುದರಲ್ಲಿ ಒಂದು ಚಿಹ್ನೆ ತಪ್ಪಿದ್ದರೂ ಉತ್ತರವಿಲ್ಲ; ತಪ್ಪನ್ನು ತಿದ್ದಿಕೊಂಡು ಮತ್ತೆ ಹೊರಡುವುದು ಎರಡು ವಾರಗಳ ಮೇಲೆ. ಇದು ಕಟ್ಟುಕಥೆಯಲ್ಲ. 1950ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತಾಧ್ಯಾಪಕರಾದ ಥಾಮಸ್ ಕರ್ಟ್ಸ್ ಎಂಬವರು, ತೂತು ಕೊರೆದ ಕಾರ್ಡುಗಳನ್ನು ಉಕ್ಕಿನ ಪೆಟ್ಟಿಗೆಯೊಂದರಲ್ಲಿ ತುಂಬಿಕೊಂಡು, ಸುಮಾರು 200 ಕಿಲೋಮೀಟರು ದೂರದ ಬಾಸ್ಟನ್ ಕಡೆಗೆ ಹೀಗೆಯೇ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಆ ಕಾಲದಲ್ಲಿ ಗಣಕಯಂತ್ರಗಳು ಅಷ್ಟು ವಿರಳ, ಅಷ್ಟು ದುರ್ಲಭ. ಈ ಪ್ರಯಾಣವನ್ನು ನಿಲ್ಲಿಸಿ, ಸಾಮಾನ್ಯ ವಿದ್ಯಾರ್ಥಿಯೂ ಕುಳಿತಲ್ಲಿಂದಲೇ ಯಂತ್ರದೊಡನೆ ಮಾತನಾಡುವಂತೆ ಮಾಡಿದವರು ಆ ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಕೆಮೆನಿಯವರು. ಕರ್ಟ್ಸ್ ಅವರು ಈ ಕಾರ್ಯದಲ್ಲಿ ಅವರ ಸಮಭಾಗಿ.

ಕೆಮೆನಿಯವರು 1926ನೆಯ ಇಸವಿ ಮೇ 31ರಂದು ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. 1938ರಲ್ಲಿ ಹಿಟ್ಲರನು ನೆರೆಯ ಆಸ್ಟ್ರಿಯಾ ದೇಶವನ್ನು ಆಕ್ರಮಿಸಿದಾಗ, ಮುಂದೆ ಬರಲಿರುವ ವಿಪತ್ತನ್ನು ಅವರ ತಂದೆ ಗ್ರಹಿಸಿದರು. ತಾವು ಮೊದಲು ಅಮೆರಿಕಕ್ಕೆ ತೆರಳಿ, 1940ರಲ್ಲಿ ಹೆಂಡತಿ ಮಕ್ಕಳನ್ನು ಕರೆಯಿಸಿಕೊಂಡರು. ಹುಟ್ಟಿದ ನೆಲವನ್ನು ಬಿಡಲೊಲ್ಲದ ಅಜ್ಜ ಅಲ್ಲಿಯೇ ಉಳಿದರು. ಯೆಹೂದಿಗಳ ಆ ಘೋರ ಸಂಹಾರದಲ್ಲಿ ಅವರೂ ಅಸುನೀಗಿದರು.

ನ್ಯೂಯಾರ್ಕಿನಲ್ಲಿ ಬಂದಿಳಿದಾಗ ಈ ಬಾಲಕನಿಗೆ ಹದಿಮೂರು ವರ್ಷ. ಇಂಗ್ಲಿಷ್ ಭಾಷೆ ಬಲು ಅಲ್ಪವಾಗಿ ಗೊತ್ತಿತ್ತು. ಆದರೂ ಮೂರೇ ವರ್ಷಗಳಲ್ಲಿ, 1943ರಲ್ಲಿ, ಅವನು ಜಾರ್ಜ್ ವಾಷಿಂಗ್ಟನ್ ಪ್ರೌಢಶಾಲೆಯಿಂದ ತರಗತಿಗೆ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಪರಭಾಷೆಯ ಮುಂದೆ ಬಾಯಿಕಟ್ಟಿ ನಿಂತ ಅನುಭವವುಳ್ಳವನು ದೊಡ್ಡವನಾದ ಮೇಲೆ ಯಂತ್ರಕ್ಕಾಗಿ ಸುಲಭಭಾಷೆಯೊಂದನ್ನು ರಚಿಸಿದನೆಂಬುದು ನನಗಂತೂ ಕೇವಲ ಆಕಸ್ಮಿಕವೆಂದು ತೋರುವುದಿಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವಾಗಲೇ ಸೈನ್ಯದ ಕರೆ ಬಂದಿತು. 1945ರಲ್ಲಿ ಅವರನ್ನು ಅಣುಬಾಂಬು ತಯಾರಾಗುತ್ತಿದ್ದ ಲಾಸ್ ಅಲಾಮೊಸ್ ಎಂಬಲ್ಲಿಗೆ ಕಳುಹಿಸಿದರು. ಅಲ್ಲಿ ಲೆಕ್ಕ ಮಾಡುವ ತಂಡಕ್ಕೆ ಮುಂದೆ ನೊಬೆಲ್ ಪಾರಿತೋಷಕ ಪಡೆದ ರಿಚರ್ಡ್ ಫೈನ್‌ಮನ್ನರ ಮಾರ್ಗದರ್ಶನವಿತ್ತು. ವ್ಯಾಪಾರ ಕಚೇರಿಗಳ ಜಮಾಖರ್ಚಿಗಾಗಿ ನಿರ್ಮಿಸಿದ್ದ 17 ಯಂತ್ರಗಳು. ಒಂದರಿಂದ ಕಾರ್ಡುಗಳ ಕಟ್ಟನ್ನು ತೆಗೆದು ಇನ್ನೊಂದಕ್ಕೆ ಹಾಕುತ್ತ, ಹಗಲಿರುಳು ಪಾಳಿಯಲ್ಲಿ ದುಡಿದರೂ ಒಂದು ಲೆಕ್ಕವು ಮುಗಿಯಲು ಸುಮಾರು ಮೂರು ವಾರ ಹಿಡಿಯುತ್ತಿತ್ತು. ಗಣಕಯಂತ್ರವು ತನ್ನ ಸೂಚನೆಗಳನ್ನು ತನ್ನೊಳಗೇ ಇರಿಸಿಕೊಂಡು ನಡೆಯಬಹುದೆಂಬ ವಿಚಾರವನ್ನು ಜಾನ್ ಫಾನ್ ನಾಯ್ಮನ್ನರ ಉಪನ್ಯಾಸದಲ್ಲಿ ಅವರು ಕೇಳಿದುದೂ ಅಲ್ಲಿಯೇ. ಅಲ್ಲಿ ಇಡೀ ವರ್ಷ ಮಾಡಿದ ಲೆಕ್ಕಗಳನ್ನು ತನ್ನ ಕಾಲೇಜಿನ ಹುಡುಗನೊಬ್ಬನು ಒಂದೇ ಅಪರಾಹ್ನದಲ್ಲಿ ಮುಗಿಸಬಲ್ಲನೆಂದು ಮುಂದೆ ಅವರು ಹೆಮ್ಮೆಯಿಂದ ಬರೆದರು.

ಯುದ್ಧಾನಂತರ ಪ್ರಿನ್ಸ್‌ಟನ್ನಿಗೆ ಮರಳಿ, ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚರ ಶಿಷ್ಯರಾಗಿ 1949ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅದೇ ಸಮಯದಲ್ಲಿ ಸ್ವಲ್ಪ ಕಾಲ ಐನ್‌ಸ್ಟೈನರ ಗಣಿತ ಸಹಾಯಕರೂ ಆಗಿದ್ದರು. 1953ರಲ್ಲಿ ಡಾರ್ಟ್‌ಮತ್ ಕಾಲೇಜು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಎರಡು ವರ್ಷಗಳಲ್ಲಿ ವಿಭಾಗದ ಮುಖ್ಯಸ್ಥರಾದರು.

ಆ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ಸಾಹಿತ್ಯ, ಇತಿಹಾಸ, ರಾಜ್ಯಶಾಸ್ತ್ರಗಳನ್ನು ಓದುವವರು. ನಾಳೆ ವಕೀಲರೂ ವ್ಯಾಪಾರಿಗಳೂ ಅಧಿಕಾರಿಗಳೂ ಆಗುವವರು. ಯಂತ್ರದ ವಿಷಯದಲ್ಲಿ ನಿರ್ಣಯ ಕೈಗೊಳ್ಳತಕ್ಕವರು ಇವರೇ ಆಗಿರುವಾಗ, ಇವರಿಗೇ ಯಂತ್ರದ ಪರಿಚಯವಿಲ್ಲದಿದ್ದರೆ ಹೇಗೆ ಎಂಬುದು ಕೆಮೆನಿಯವರ ಚಿಂತೆ. ಗಣಕಯಂತ್ರವು ಗ್ರಂಥಾಲಯದಂತೆ ಇರಬೇಕೆಂದು ಅವರು ಭಾವಿಸಿದರು. ಪ್ಯಾಂಥಿಯನ್ ರಸ್ತೆಯ ಕನ್ನೆಮರಾ ಗ್ರಂಥಾಲಯಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗೆ ಇದು ಸುಲಭವಾಗಿ ತಿಳಿದೀತು: ಕಪಾಟಿನ ಬಳಿಗೆ ತಾನೇ ಹೋಗಿ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು ಒಂದು, ಚೀಟಿ ಬರೆದು ಕೊಟ್ಟು, ಯಾರೋ ತಂದುಕೊಡುವವರೆಗೆ ಬಾಗಿಲಲ್ಲಿ ನಿಲ್ಲುವುದು ಇನ್ನೊಂದು.

ಆದರೆ ಯಂತ್ರ ಒಂದೇ, ವಿದ್ಯಾರ್ಥಿಗಳು ನೂರಾರು. ಇದಕ್ಕೆ ಉಪಾಯವು ಕಾಲದ ಹಂಚಿಕೆ. ರೈಲು ನಿಲ್ದಾಣದ ವಿಚಾರಣಾ ಕಿಟಕಿಯಲ್ಲಿ ಕುಳಿತ ಗುಮಾಸ್ತನು ಒಬ್ಬನ ಒಂದು ಪ್ರಶ್ನೆಗೆ ಉತ್ತರವಿತ್ತು, ಆತ ಮುಂದಿನದನ್ನು ಯೋಚಿಸುವಷ್ಟರಲ್ಲಿ ಎರಡನೆಯವನ ಕಡೆಗೆ ತಿರುಗುವಂತೆ, ಯಂತ್ರವೂ ಪ್ರತಿಯೊಬ್ಬರಿಗೆ ಕ್ಷಣಕಾಲ ಗಮನ ಕೊಟ್ಟು ಸುತ್ತಿ ಬರುವುದು. ಅದರ ವೇಗದಿಂದಾಗಿ ಪ್ರತಿಯೊಬ್ಬನಿಗೂ ಯಂತ್ರವು ತನ್ನೊಬ್ಬನದೇ ಎಂಬ ಭ್ರಮೆ. 1964ರ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎರಡು ಯಂತ್ರಗಳು ಬಂದವು. ಒಂದು, ಟೆಲಿಟೈಪ್‌ಗಳಲ್ಲಿ ಒತ್ತಿದ ಅಕ್ಷರಗಳನ್ನು ಸಂಗ್ರಹಿಸುವುದು. ಇನ್ನೊಂದು, ಲೆಕ್ಕ ಮಾಡುವುದು. ಇವೆರಡನ್ನೂ ಕೂಡಿಸಿ ನಡೆಸುವ ಸೂಚನೆಗಳನ್ನು ಬರೆದವರು ಇನ್ನೂ ಪದವಿ ಮುಗಿಸದ ಹುಡುಗರು! ಹಣಸಹಾಯ ಕೊಡಬೇಕಾದ ಕಡೆ ಇದನ್ನು ಪರಿಶೀಲಿಸಿದವರು ಸಂದೇಹಪಟ್ಟುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಮಾತನಾಡುವ ಭಾಷೆಯ ವಿಷಯ. ಆಗ ಬಳಕೆಯಲ್ಲಿದ್ದ ಫೋರ್ಟ್ರಾನ್, ಆಲ್ಗಾಲ್ ಭಾಷೆಗಳು ವಿಜ್ಞಾನಿಗಳಿಗೆ ಸರಿ, ಇತಿಹಾಸದ ವಿದ್ಯಾರ್ಥಿಗೆ ಕಬ್ಬಿಣದ ಕಡಲೆ. ಕೆಮೆನಿ ಮತ್ತು ಕರ್ಟ್ಸ್ ಇಬ್ಬರೂ ಸೇರಿ ಹದಿನೈದರಷ್ಟು ಪದಗಳ ಹೊಸ ಭಾಷೆಯನ್ನು ರಚಿಸಿ, ಅದಕ್ಕೆ ಬೇಸಿಕ್ ಎಂದು ಹೆಸರಿಟ್ಟರು. ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ಪರಿವರ್ತಿಸುವ ಸಾಧನವನ್ನು 1963ರಲ್ಲಿ ಬರೆಯತೊಡಗಿದವರು ಸ್ವತಃ ಕೆಮೆನಿಯವರೇ.

ಭಾಷೆಗಿಂತಲೂ ಸೊಗಸಾದದ್ದು ಅದರ ಸುತ್ತಲಿನ ಸಂಭಾಷಣೆ. ವಿದ್ಯಾರ್ಥಿಯು ಟೆಲಿಟೈಪಿನ ಮುಂದೆ ಕುಳಿತು ಹಲೋ ಎಂದು ಒತ್ತಬೇಕು. ಯಂತ್ರವು ಅವನ ಸಂಖ್ಯೆಯನ್ನು ಕೇಳುವುದು; ಯಾವ ಭಾಷೆ, ಹೊಸ ಕೆಲಸವೋ ಹಳೆಯದೋ, ಅದರ ಹೆಸರೇನು ಎಂದು ಒಂದೊಂದಾಗಿ ವಿಚಾರಿಸುವುದು; ಕೊನೆಗೆ ರೆಡಿ ಎಂದು ಕಾಗದದ ಸುರುಳಿಯ ಮೇಲೆ ಮುದ್ರಿಸಿ ಸುಮ್ಮನಾಗುವುದು. ಈಗ ಮಾತು ವಿದ್ಯಾರ್ಥಿಯದು. ಅವನು ಒತ್ತಿದ ಸಾಲಿನ ಮೊದಲಲ್ಲಿ ಅಂಕಿಯಿದ್ದರೆ ಅದು ಪ್ರೋಗ್ರಾಮಿನ ಭಾಗವೆಂದು ತೆಗೆದಿರಿಸಲ್ಪಡುವುದು. ಅಂಕಿಯಿಲ್ಲದಿದ್ದರೆ ಕೂಡಲೇ ನಡೆಸತಕ್ಕ ಆಜ್ಞೆ. ಇಷ್ಟೇ ನಿಯಮ. ಲಿಸ್ಟ್ ಎಂದರೆ ಬರೆದದ್ದನ್ನೆಲ್ಲ ಅಂಕಿಯ ಕ್ರಮದಲ್ಲಿ ತೋರಿಸುವುದು, ಸೇವ್ ಎಂದರೆ ಕಾದಿಡುವುದು, ರನ್ ಎಂದರೆ ನಡೆಸಿ ಉತ್ತರ ಕೊಡುವುದು, ಬೈ ಎಂದರೆ ಬೀಳ್ಕೊಡುವುದು. 10, 20, 30 ಎಂದು ಸಾಲುಗಳನ್ನು ಬರೆದವನಿಗೆ ನಡುವೆ ಏನೋ ಬಿಟ್ಟುಹೋಯಿತೆಂದು ಹೊಳೆದರೆ, 15 ಎಂದು ಕೊನೆಯಲ್ಲಿ ಒತ್ತಿದರೂ ಸಾಕು. ಅದು ತನ್ನ ಸ್ಥಳಕ್ಕೆ ಹೋಗಿ ಸೇರುವುದು. 20ನ್ನು ಮತ್ತೊಮ್ಮೆ ಬರೆದರೆ ಹಳೆಯ 20 ಅಳಿಯುವುದು. ಹೀಗೆ ತಪ್ಪು ಮಾಡುವುದಕ್ಕೆ ಇದ್ದ ಭಯವೇ ಹೋಯಿತು. ಎರಡು ವಾರ ಕಾಯಬೇಕಾದವನು ತಪ್ಪಿಗೆ ಅಂಜುತ್ತಾನೆ; ಕೆಲವು ಕ್ಷಣಗಳಲ್ಲಿ ತಿದ್ದಬಲ್ಲವನು ಪ್ರಯೋಗ ಮಾಡುತ್ತಾನೆ.

1964ನೆಯ ಇಸವಿ ಮೇ 1ರಂದು, ಬೆಳಗಿನ ಜಾವ 4 ಗಂಟೆಗೆ, ಅಕ್ಕಪಕ್ಕದ ಎರಡು ಟೆಲಿಟೈಪ್‌ಗಳಲ್ಲಿ ಕೆಮೆನಿಯವರೂ ವಿದ್ಯಾರ್ಥಿಯೊಬ್ಬನೂ ಏಕಕಾಲದಲ್ಲಿ ರನ್ ಎಂದು ಒತ್ತಿದರು. ಇಬ್ಬರಿಗೂ ಸರಿಯಾದ ಉತ್ತರ ಬಂದಿತು.

ಅಲ್ಲಿಂದ ಮುಂದಿನ ಪ್ರಸಾರದ ಕಥೆ ದೀರ್ಘವಾದುದು. ದೂರವಾಣಿ ತಂತಿಯ ಮೂಲಕ ಸುತ್ತಲಿನ ಪ್ರೌಢಶಾಲೆಗಳೂ ಡಾರ್ಟ್‌ಮತ್ ಯಂತ್ರವನ್ನು ಬಳಸತೊಡಗಿದವು. 1975ರ ತರುವಾಯ ಮೇಜಿನ ಮೇಲಿಡುವಷ್ಟು ಚಿಕ್ಕ ಯಂತ್ರಗಳು ಬಂದಾಗ, ಅವುಗಳಲ್ಲಿ ಹೆಚ್ಚಿನವು ಆಡಿದ ಭಾಷೆ ಬೇಸಿಕ್. ನಮ್ಮ ದೇಶದಲ್ಲಿಯೂ 1984ರಲ್ಲಿ ಸರ್ಕಾರವು ಸುಮಾರು 250 ಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಆರಂಭಿಸಿದಾಗ ಒದಗಿಸಿದ ಬಿಬಿಸಿ ಮೈಕ್ರೋ ಯಂತ್ರವು, ಗುಂಡಿ ಒತ್ತಿದೊಡನೆ ಬೇಸಿಕ್‌ನಲ್ಲಿಯೇ ಎಚ್ಚೆತ್ತು, ಬಾಣದ ಮೊನೆಯಂತಹ ಗುರುತೊಂದನ್ನು ತೋರಿಸಿ ಆಜ್ಞೆಗಾಗಿ ಕಾಯುತ್ತಿತ್ತು. ತಮಿಳುನಾಡಿನ ಹನ್ನೆರಡನೆಯ ತರಗತಿಯ ಗಣಕವಿಜ್ಞಾನದಲ್ಲಿ ಸೇರಿರುವ ಪೈಥಾನ್ ಭಾಷೆಯನ್ನು ತೆರೆದವರು ಅಂತಹ ಮೂರು ಗುರುತುಗಳನ್ನು ಕಂಡಿರುತ್ತಾರೆ. ಪೈಥಾನ್ ಬೇರೆಯೇ ಕುಲದ ಭಾಷೆಯಾದರೂ, ಒಂದು ಸಾಲು ಬರೆದರೆ ಒಂದು ಉತ್ತರ ಬರುವ ಆ ಸಂಭಾಷಣೆಯನ್ನು ಡಾರ್ಟ್‌ಮತ್ತಿನ ಹುಡುಗರು ನೋಡಿದ್ದರೆ ಕೂಡಲೇ ಗುರುತಿಸುತ್ತಿದ್ದರು.

ಬೇಸಿಕ್ ಭಾಷೆಯನ್ನು ಹಳಿದ ವಿದ್ವಾಂಸರೂ ಉಂಟು. ಹೇಳಿದ ಸಾಲಿಗೆ ಹಾರು ಎಂಬ ಆಜ್ಞೆಯಿಂದ ಹುಡುಗರ ಯೋಚನೆಯು ಸಿಕ್ಕುಸಿಕ್ಕಾಗುವುದೆಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಚಿಕ್ಕ ಯಂತ್ರಗಳಿಗಾಗಿ ಅನ್ಯರು ಮೊಟಕುಗೊಳಿಸಿದ ರೂಪಗಳನ್ನು ಕಂಡು ಕೆಮೆನಿಯವರಿಗೂ ಬೇಸರವಾಗಿ, 1980ರ ದಶಕದಲ್ಲಿ ಕರ್ಟ್ಸ್ ಅವರೊಡನೆ ಸೇರಿ ಟ್ರೂ ಬೇಸಿಕ್ ಎಂಬ ಪರಿಷ್ಕೃತ ಭಾಷೆಯನ್ನು ಹೊರತಂದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಅದು ಹೆಚ್ಚು ಹಬ್ಬಲಿಲ್ಲ.

1970ರಿಂದ 1981ರವರೆಗೆ ಅವರು ಡಾರ್ಟ್‌ಮತ್ ಕಾಲೇಜಿನ ಅಧ್ಯಕ್ಷರಾಗಿದ್ದರು. ಎರಡು ಶತಮಾನಗಳಿಂದ ಪುರುಷರಿಗೆ ಮಾತ್ರ ಮೀಸಲಾಗಿದ್ದ ಆ ಕಾಲೇಜಿಗೆ 1972ರಲ್ಲಿ ವಿದ್ಯಾರ್ಥಿನಿಯರು ಪ್ರವೇಶ ಪಡೆದರು. ಅಮೆರಿಕದ ಮೂಲನಿವಾಸಿಗಳ ಶಿಕ್ಷಣಕ್ಕೆಂದು ಸ್ಥಾಪಿತವಾಗಿ ಆ ಉದ್ದೇಶವನ್ನೇ ಮರೆತಿದ್ದ ಸಂಸ್ಥೆಗೆ ಅದನ್ನು ನೆನಪಿಸಿದವರೂ ಅವರೇ. ಅಧ್ಯಕ್ಷರಾದರೂ ಪಾಠ ಹೇಳುವುದನ್ನು ಬಿಡಲಿಲ್ಲ.

1979ರ ಮಾರ್ಚ್ 28ರಂದು ತ್ರೀ ಮೈಲ್ ಐಲೆಂಡ್ ಎಂಬಲ್ಲಿ ಅಣುವಿದ್ಯುತ್ ಸ್ಥಾವರವು ಅಪಘಾತಕ್ಕೀಡಾಯಿತು. ರಾಷ್ಟ್ರಾಧ್ಯಕ್ಷ ಕಾರ್ಟರರು ತನಿಖೆಗಾಗಿ ನೇಮಿಸಿದ ಆಯೋಗಕ್ಕೆ ಕೆಮೆನಿಯವರು ಮುಖ್ಯಸ್ಥರಾದರು. ಆಯೋಗವು ಕಂಡುಕೊಂಡ ಸಂಗತಿಗಳು ಬೇಸಿಕ್ ರಚಿಸಿದವರ ಮನಸ್ಸಿಗೆ ಹೇಗೆ ನಾಟಿರಬೇಕು! ಅಪಘಾತದ ಮೊದಲ ಕೆಲವು ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೇ ಕೂಗಿದ್ದವು. ಮುಖ್ಯವಾದುದು ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವ ಉಪಾಯವಿರಲಿಲ್ಲ. ತೆರೆದೇ ಉಳಿದಿದ್ದ ಒಂದು ಕವಾಟದ ದೀಪವು ಆರಿದ್ದಿತು. ಏಕೆಂದರೆ ಮುಚ್ಚುವಂತೆ ಆಜ್ಞೆ ಹೋಗಿದೆ ಎಂಬುದನ್ನಷ್ಟೇ ಆ ದೀಪ ತಿಳಿಸುತ್ತಿತ್ತು, ಕವಾಟವು ಮುಚ್ಚಿತೇ ಇಲ್ಲವೇ ಎಂಬುದನ್ನಲ್ಲ. ಮುಚ್ಚಿದೆಯೆಂದೇ ನಂಬಿದ ನೌಕರರು ತಣ್ಣೀರಿನ ಹರಿವನ್ನು ತಗ್ಗಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಒಪ್ಪಿಸಿದ ವರದಿಯು ಯಂತ್ರಗಳಿಗಿಂತ ಹೆಚ್ಚಾಗಿ ನೌಕರರಿಗೆ ದೊರೆತ ತರಬೇತನ್ನೂ, ಸಂಸ್ಥೆಗಳ ಆಡಳಿತವನ್ನೂ ಟೀಕಿಸಿತು.

1981ರಲ್ಲಿ ಅಧ್ಯಕ್ಷಪದವಿಯಿಂದ ಇಳಿದು ಅವರು ಮತ್ತೆ ಗಣಿತದ ತರಗತಿಗೆ ಹಿಂದಿರುಗಿದರು. 1992ನೆಯ ಇಸವಿ ಡಿಸೆಂಬರ್ 26ರಂದು, ತಮ್ಮ 66ನೆಯ ವಯಸ್ಸಿನಲ್ಲಿ, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿಯೇ ದಿವಂಗತರಾದರು. ಉಕ್ಕಿನ ಪೆಟ್ಟಿಗೆ ಹೊತ್ತು ರೈಲು ಹತ್ತುತ್ತಿದ್ದ ಕರ್ಟ್ಸ್ ಅವರು ಅನಂತರ ಬಹುಕಾಲ ಬದುಕಿದ್ದು, 2024ರ ನವೆಂಬರಿನಲ್ಲಿ ತೀರಿಕೊಂಡರು.