ವಿಮಾನವೀರ ಇಂದ್ರಲಾಲ ರಾಯ್

ಭಾರತೀಯನು ಯುದ್ಧವಿಮಾನವನ್ನು ನಡೆಯಿಸಬಲ್ಲನೇ ಎಂದು ಸಂಶಯಪಡುತ್ತಿದ್ದವರಿಗೆ 1918ನೆಯ ಇಸವಿಯಷ್ಟು ಹಿಂದೆಯೇ ಉತ್ತರವು ದೊರೆತಿದ್ದಿತು. ಉತ್ತರವಿತ್ತ ಕೆಲವೇ ಮಂದಿಯಲ್ಲಿ ಇಂದ್ರಲಾಲ ರಾಯ್ ಎಂಬ ವಂಗದೇಶದ ತರುಣನು ಅಗ್ರಗಣ್ಯನು. ಆಗ ಅವನಿಗೆ ಇಪ್ಪತ್ತು ವರ್ಷಗಳೂ ತುಂಬಿರಲಿಲ್ಲ.

ಕಲ್ಕತ್ತೆಯ ನ್ಯಾಯವಾದಿಯೊಬ್ಬರ ಮಗನಾಗಿ 1898ನೆಯ ಡಿಸೆಂಬರ್ 2ರಂದು ಹುಟ್ಟಿದ ಇಂದ್ರಲಾಲನು ಬಾಲ್ಯದಲ್ಲಿಯೇ ಲಂಡನ್ನಿಗೆ ಹೋಗಿ, ಅಲ್ಲಿಯ ಸೇಂಟ್ ಪಾಲ್ಸ್ ಶಾಲೆಯಲ್ಲಿ ವಿದ್ಯಾಭ್ಯಾಸ ಮಾಡಿದನು. ಮೊದಲನೆಯ ಮಹಾಯುದ್ಧದಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಎಂಬ ವಾಯುದಳಕ್ಕೆ ಅರ್ಜಿ ಹಾಕಿಕೊಂಡಾಗ ವೈದ್ಯರು ದೃಷ್ಟಿದೋಷವಿದೆಯೆಂದು ತಿರಸ್ಕರಿಸಿದರು. ಹುಡುಗನು ತನ್ನ ಮೋಟಾರ್ ಸೈಕಲ್ಲನ್ನು ಮಾರಿ, ಆ ಹಣದಿಂದ ಹೆಸರಾಂತ ನೇತ್ರವೈದ್ಯರೊಬ್ಬರಲ್ಲಿ ಪುನಃ ಪರೀಕ್ಷೆ ಮಾಡಿಸಿಕೊಂಡು ಮೊದಲಿನ ತೀರ್ಪನ್ನು ರದ್ದುಪಡಿಸಿದನಂತೆ! 1917ನೆಯ ಜುಲೈ ತಿಂಗಳಲ್ಲಿ ಅವನಿಗೆ ಅಧಿಕಾರಪದವಿಯು ದೊರೆಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಅವನ ವಿಮಾನವು ನೆಲಕ್ಕಪ್ಪಳಿಸಿತು. ಸತ್ತನೆಂದು ಬಗೆದು ಶವಾಗಾರದಲ್ಲಿ ಮಲಗಿಸಿದ್ದರೆಂದೂ, ಎಚ್ಚರಗೊಂಡು ಒಳಗಿನಿಂದ ಬಾಗಿಲು ಬಡಿದನೆಂದೂ ಹೇಳುವರು. ಕಥೆಯಲ್ಲಿ ಉತ್ಪ್ರೇಕ್ಷೆಯೆಷ್ಟೇ ಇರಲಿ, ಅದು ಅವನ ಸ್ವಭಾವಕ್ಕೆ ಒಪ್ಪುವಂತಹುದೇ. ಹಾರಾಟಕ್ಕೆ ಅನರ್ಹನೆಂದು ಎರಡನೆಯ ಸಲ ನಿರ್ಣಯವಾದರೂ ಅವನು ಸುಮ್ಮನಾಗಲಿಲ್ಲ. ವಿಶ್ರಾಂತಿಯ ದಿನಗಳಲ್ಲಿ ವಿಮಾನಗಳ ಚಿತ್ರ ಬರೆಯುತ್ತ, ಮೇಲಧಿಕಾರಿಗಳನ್ನು ಬಿಡದೆ ಪ್ರಾರ್ಥಿಸುತ್ತ, 1918ನೆಯ ಜೂನ್ ತಿಂಗಳಲ್ಲಿ ಫ್ರಾನ್ಸಿನ ರಣರಂಗದಲ್ಲಿದ್ದ 40ನೆಯ ಸ್ಕ್ವಾಡ್ರನ್ನನ್ನು ಸೇರಿದನು.

ಮುಂದಿನದೆಲ್ಲವೂ ಎರಡು ವಾರಗಳ ಇತಿಹಾಸ. ಏಕಾಸನದ ಎಸ್.ಇ. 5ಎ ವಿಮಾನದಲ್ಲಿ ಕುಳಿತು ಜುಲೈ 6ರಿಂದ 19ರೊಳಗೆ ಹತ್ತು ವಿಜಯಗಳನ್ನು ಗಳಿಸಿದನು. 8ರಂದು ಕೆಲವೇ ಗಂಟೆಗಳ ಅಂತರದಲ್ಲಿ ಮೂರು! ಐದನ್ನು ಗೆದ್ದವನನ್ನೇ ಆಗಿನ ಸೈನಿಕರು ವಿಮಾನವೀರರ ಪಂಕ್ತಿಯಲ್ಲಿ ಎಣಿಸುತ್ತಿದ್ದರು. 22ರಂದು ಕಾರ್ವೆಂ ಪಟ್ಟಣದ ಮೇಲೆ ಜರ್ಮನ್ ಫೋಕರ್ ವಿಮಾನಗಳೊಡನೆ ಕಾದುತ್ತಿರಲು ಅವನ ವಿಮಾನಕ್ಕೆ ಬೆಂಕಿ ಹತ್ತಿತು. ಅದರೊಡನೆ ಅವನೂ ಬಿದ್ದು ಮಡಿದನು.

ಮರಣಾನಂತರ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವು ಬಂದಿತು. ಅದನ್ನು ಪಡೆದ ಭಾರತೀಯರಲ್ಲಿ ಅವನೇ ಮೊದಲಿಗನು. ಅವನು ಕಾದಿದುದು ಸಾಮ್ರಾಜ್ಯದ ಧ್ವಜದಡಿಯಲ್ಲಿ, ಸ್ವತಂತ್ರ ಭಾರತದ ಧ್ವಜದಡಿಯಲ್ಲಲ್ಲ, ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಅವನ ಎದೆಗಾರಿಕೆಯನ್ನು ಪದಕವಿತ್ತು ಮನ್ನಿಸಿದ ಆ ಸರ್ಕಾರವೇ, ಅವನ ದೇಶಕ್ಕೆ ವಾಯುದಳವೊಂದನ್ನು ಕೊಡಲು 1932ರ ವರೆಗೆ, ಎಂದರೆ ಹದಿನಾಲ್ಕು ವರ್ಷಗಳ ಕಾಲ, ತಡಮಾಡಿತೆಂಬುದನ್ನೂ ಮರೆಯಬೇಕಾಗಿಲ್ಲ.

ಸ್ವತಂತ್ರ ಭಾರತವು 1998ರಲ್ಲಿ ಅವನ ಜನ್ಮಶತಮಾನದ ನಿಮಿತ್ತ ಅಂಚೆಚೀಟಿಯೊಂದನ್ನು ಹೊರಡಿಸಿತು. ಅವನ ಸಮಾಧಿಯು ಫ್ರಾನ್ಸಿನ ಎಸ್ತವೆಲ್ ಗ್ರಾಮದ ಶ್ಮಶಾನದಲ್ಲಿದೆ. ಅದರ ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳನ್ನೂ ಕೊರೆದಿದ್ದಾರೆ.