ಕಿಡಿಯ ಬೆನ್ನು ಹತ್ತಿದ ರಾಬರ್ಟ್ ಬಾಷ್

ಮಕ್ಕಳೇ, ಕಾರಿನ ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳಲು ಕಿಡಿ ಬೇಕು. ಅದನ್ನು ಕೊಡುವುದು ಸ್ಪಾರ್ಕ್ ಪ್ಲಗ್. ಈ ಪುಟ್ಟ ಸಾಧನದೊಂದಿಗೆ ಬೆಸೆದುಕೊಂಡ ಹೆಸರು ರಾಬರ್ಟ್ ಬಾಷ್.

ಬಾಷ್ 1861ರಲ್ಲಿ ಜರ್ಮನಿಯ ಉಲ್ಮ್ ಊರಿನ ಬಳಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಅಮೆರಿಕದಲ್ಲಿ ಎಡಿಸನ್ ಕಂಪನಿಯಲ್ಲೂ ದುಡಿದು ಬಂದು, 1886ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಸಣ್ಣ ಕಾರ್ಯಾಗಾರ ತೆರೆದರು.

ಆಗ ಅವರು ತಯಾರಿಸುತ್ತಿದ್ದ ಸಾಧನದಲ್ಲಿ, ಸಿಲಿಂಡರಿನೊಳಗೆ ಎರಡು ಲೋಹದ ತುಂಡುಗಳು ತಾಗಿ ಬೇರ್ಪಟ್ಟಾಗ ಕಿಡಿ ಹಾರುತ್ತಿತ್ತು. ಎಂಜಿನ್ ವೇಗವಾಗಿ ತಿರುಗಿದರೆ ಈ ಏರ್ಪಾಟು ಸಾಲದು. 1902ರಲ್ಲಿ ಅವರ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೊಪ್ಪುವ ಪ್ಲಗ್ ರೂಪಿಸಿದರು. ಅಲುಗಾಡುವ ತುಂಡೇ ಬೇಡ. ಕಿರಿದಾದ ಅಂತರವನ್ನು ಕಿಡಿಯೇ ಜಿಗಿಯಿತು. ಕೀರ್ತಿಯಲ್ಲಿ ದೊಡ್ಡ ಪಾಲು ಹೊನೋಲ್ಡರಿಗೆ ಸಲ್ಲಬೇಕು.

ಆದರೆ ಒಂದೇ ಪ್ಲಗ್ ಎಲ್ಲ ಎಂಜಿನ್‌ಗಳಿಗೂ ಒಗ್ಗದು. ತುದಿ ಸಾಕಷ್ಟು ಕಾಯದಿದ್ದರೆ ಮಸಿ ಕೂರುತ್ತದೆ. ಅತಿಯಾಗಿ ಕಾದರೆ ಕಿಡಿಗೂ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಅದಕ್ಕಾಗಿ ಬಾಷ್ ಕಂಪನಿ ಪ್ಲಗ್‌ಗಳಿಗೆ ಶಾಖದ ಅಂಕೆ ಕೊಟ್ಟಿತು. ಸವೆದ ಪ್ಲಗ್ ಬದಲಿಸುವಾಗ, ಎಂಜಿನ್ ಆರಿದ ಮೇಲೆ, ಆ ಎಂಜಿನ್ನಿಗೆ ಗೊತ್ತುಪಡಿಸಿದ ಪ್ಲಗ್ಗನ್ನೇ ಹಾಕಬೇಕು.

1906ರಲ್ಲೇ ಕಾರ್ಮಿಕರಿಗೆ ದಿನಕ್ಕೆ 8 ಗಂಟೆಯ ದುಡಿಮೆ ಜಾರಿಗೆ ತಂದಿದ್ದ ಬಾಷ್ 1942ರಲ್ಲಿ ತೀರಿಕೊಂಡರು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಂಪನಿ ಅವರ ಕಂಪನಿಯ ನೆರವಿನಿಂದ ನಮ್ಮಲ್ಲೂ ಸ್ಪಾರ್ಕ್ ಪ್ಲಗ್ ತಯಾರಿಸಿತು.